ಮಳೆಗೆ ರಜೆ ಕೊಡದ ಕಾಲೇಜು

ಕೊಳ್ಳೇಗಾಲದಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲಿ ಮಳೆ ಬಂದಾಗಲೆಲ್ಲ ಒಂದು ಹೊಸ ಕತೆ ಹುಟ್ಟುತ್ತದೆ, ರಜೆ ಮಾತ್ರ ಸಿಗುವುದಿಲ್ಲ. ಸುತ್ತಲಿನ ಶಾಲೆಗಳೆಲ್ಲ ಬಾಗಿಲು ಹಾಕಿದರೂ ನಮ್ಮಲ್ಲಿ ಗಂಟೆ ಹೊಡೆಯುತ್ತದೆ. ಯಾಕೆ ಎಂದು ಕೇಳಿದರೆ ನಮ್ಮ ಹುಡುಗರ ಬಳಿ ಕಾರಣಗಳಿಗೆ ಬರವಿಲ್ಲ.

ಆಗುಂಬೆ ಕಾರಣ

ಕೊನೆಯ ವರ್ಷದವರು ಹೊಸಬರಿಗೆ ಕಲಿಸುವ ಮೊದಲ ಪಾಠವೇ ಇದು: "ನಮ್ ಪ್ರಿನ್ಸಿಪಾಲ್ರು ಆಗುಂಬೆ ಕಡೆಯೋರು ಕಣ್ಲಾ. ಇದ್ನೆಲ್ಲ ಅವ್ರು ಮಳೆ ಅಂತ ಲೆಕ್ಕಕ್ಕೇ ತಕಳಲ್ಲ."

ಪ್ರಿನ್ಸಿಪಾಲರು ಅಪ್ಪಟ ಯಳಂದೂರಿನವರು. ಆಗುಂಬೆ ನೋಡಿದ್ದು ಒಂದೇ ಸಲ, ಅದೂ ಬೇಸಿಗೆಯಲ್ಲಿ, ಛತ್ರಿ ಹಿಡಿದು, ಬಿಸಿಲಿಗೆ.

ವಡೆ ಕಾರಣ

ಇನ್ನು ಕೆಲವರ ಪ್ರಕಾರ ತಪ್ಪೆಲ್ಲ ಕ್ಯಾಂಟೀನಿನವರದು. ಬೆಳಗಾಗುವ ಮೊದಲೇ ವಡೆಗೆ ರುಬ್ಬಿಬಿಡುತ್ತಾರೆ, ಆ ಹಿಟ್ಟು ಹಾಳಾಗಬಾರದೆಂದು ಕಾಲೇಜು ನಡೆಯುತ್ತದೆ. ನಾನು ಒಮ್ಮೆ ಪ್ರಿನ್ಸಿಪಾಲರನ್ನೇ ಕೇಳಿದೆ. "ಪಾಪ, ಅವರು ರುಬ್ಬಿರುತ್ತಾರಲ್ಲ!" ಎಂದರು.

ಕ್ಯಾಂಟೀನಿನವರನ್ನು ಕೇಳಿದೆ. ಅವರಿಗೆ ಸಿಟ್ಟೇ ಬಂತು.

"ಅವ್ರು ರಜಾ ಕೊಡಲ್ಲ ಅಂತ್ಲೇ ಸಾ ನಾನು ರುಬ್ಬೋದು!"

ನನ್ನ ಕಾರಣ

ಆವತ್ತು ಸೆಮಿಸ್ಟರಿನ ಕೊನೆಯ ದಿನ. ಒಡೆಯರಪಾಳ್ಯದ ಕಡೆಯಿಂದ ಬರುವ ಹುಡುಗಿಯೊಬ್ಬಳಿಗೆ ನನ್ನ ವಿಷಯದಲ್ಲಿ ಒಂದೇ ಒಂದು ಹಾಜರಿ ಕಡಿಮೆಯಿತ್ತು. ಆವತ್ತಿನ ತರಗತಿಗೆ ಬಂದರೆ ಪರೀಕ್ಷೆ, ಇಲ್ಲದಿದ್ದರೆ ವರ್ಷ ಮಣ್ಣುಪಾಲು. ಇಡೀ ಕಾಲೇಜಿನಲ್ಲಿ ರಜೆ ಬೇಡವೆಂದು ದೇವರಿಗೆ ಕೈಮುಗಿದವಳು ಅವಳೊಬ್ಬಳೇ. "ನಾಳೆ ಬಂದೇ ಬತ್ತೀನಿ ಸಾ, ನೀವೂ ಬನ್ನಿ" ಎಂದು ಹಿಂದಿನ ಸಂಜೆಯೇ ಹೇಳಿ ಹೋಗಿದ್ದಳು. ಆ "ನೀವೂ ಬನ್ನಿ" ನನಗೆ ಸ್ವಲ್ಪ ಚುಚ್ಚಿತ್ತು.

ಬೆಳಿಗ್ಗೆ ಎದ್ದರೆ ಧೋ ಎಂದು ಮಳೆ. ಅವಳು ಬರುವ ಹಾದಿಯಲ್ಲಿ, ಹನೂರು ಕಡೆ ಹಳ್ಳ ತುಂಬಿ ಬಸ್ಸು ನಿಂತಿದೆ ಎಂದು ಸುದ್ದಿ. ಇವತ್ತು ರಜೆ ಕೊಡಲೇಬೇಕು ಎಂದು ನಾನೇ ತೀರ್ಮಾನಿಸಿದೆ. ಹುಡುಗಿಯನ್ನು ನೆನೆದು ಅಯ್ಯೋ ಪಾಪ ಅನ್ನಿಸಿತು. ಆದರೂ, ಸುಳ್ಳೇಕೆ ಹೇಳಲಿ, ಕಂಬಳಿ ಎಳೆದುಕೊಂಡೆ.

ಹತ್ತೂವರೆಗೆ ಫೋನು.

"ಸಾ, ಎಲ್ಲಿದ್ದೀರಾ?"

"ಮನೇಲಿ. ಇವತ್ತು ರಜಾ ಅಲ್ವೇನಮ್ಮಾ?"

"ರಜಾ ಇಲ್ಲ ಸಾ! ಅಳ್ಳ ತುಂಬೋಕ್ ಮುಂಚೇನೇ, ರೇಸ್ಮೆ ಗೂಡು ತುಂಬ್ಕಂಡು ಮಾರ್ಕೆಟ್ಟಿಗೆ ಬತ್ತಿದ್ದ ಟೆಂಪೋಲಿ ಬಂದ್ಬುಟ್ಟು ಕ್ಲಾಸಲ್ಲಿ ಒಬ್ಳೇ ಕೂತಿವ್ನಿ. ಆಜ್ರಿ ತಕಳೋರೇ ಇಲ್ಲ. ಪೀರಿಯಡ್ ಮುಗುದೋದ್ರೆ ನನ್ ಗತಿ?"

ನನ್ನ ಮನೆ ಕಾಲೇಜಿನಿಂದ ಎರಡೇ ಬೀದಿ. ಓಡಿದೆ. ಛತ್ರಿ ಮೊದಲನೆಯ ಬೀದಿಯಲ್ಲೇ ಮಡಚಿಕೊಂಡಿತು. ತರಗತಿ ಮುಟ್ಟಿದಾಗ ಇನ್ನು ಹತ್ತು ನಿಮಿಷ ಉಳಿದಿತ್ತು. ಅಷ್ಟು ದೂರದಿಂದ ರೇಷ್ಮೆಗೂಡಿನ ಜೊತೆ ಟಾರ್ಪಾಲಿನಡಿ ಕೂತು ಬಂದವಳ ಮೈಮೇಲೆ ಒಂದು ಹನಿ ಇಲ್ಲ, ನಾನು ತೊಯ್ದು ತೊಪ್ಪೆ.

ಹಾಜರಿ ಕೂಗಿದೆ. ಒಂದೇ ಹೆಸರು, ಒಂದೇ "ಎಸ್ ಸಾ". ಅವಳು ಕಣ್ಣೊರೆಸಿಕೊಂಡು ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು. ರಜೆ ಕೊಡದ ಪ್ರಿನ್ಸಿಪಾಲರ ಕಾಲಿಗೆ ಬೀಳೋಣ ಅನ್ನಿಸಿತು. ತಿರುಗಿ ನೋಡಿದರೆ ಅವರು ಬಾಗಿಲಲ್ಲೇ ನಿಂತಿದ್ದರು.

"ಆ ಮಗು ಹಾಜರಿ ಸರಿಹೋಯ್ತಲ್ಲ, ಸಂತೋಷ," ಎಂದರು. "ಇನ್ನು ನಿಮ್ಮದು. ಅರ್ಧ ದಿನದ ರಜೆ ಚೀಟಿ ಬರೆದು ಕೊಡಿ."

ಮುಂದಿನ ಮಳೆಗಾಲದಲ್ಲಿ ಕಾರಿಡಾರಿನಲ್ಲಿ ಹೋಗುತ್ತಿದ್ದಾಗ, ಹೊಸಬರಿಗೆ ಯಾರೋ ಕಾಲೇಜಿನ ಕತೆ ಹೇಳುತ್ತಿದ್ದುದು ಕಿವಿಗೆ ಬಿತ್ತು:

"ಅಗೋ, ಆ ಮೇಷ್ಟ್ರುಗೆ ಅಟೆಂಡೆನ್ಸ್ ಸಾರ್ಟೇಜ್ ಕಣ್ಲಾ. ಅವ್ರದು ತುಂಬೋಗಂಟ ಕಾಲೇಜು ಮುಚ್ಚಂಗೇ ಇಲ್ವಂತೆ!"