ಚೀಟಿ ಮೀರಿ ಗುಣವಾದವರು

ಖಿನ್ನತೆಯ ಚಿಕಿತ್ಸೆಯನ್ನು ಕುರಿತ ಸಂಶೋಧನೆಯಲ್ಲಿ ನಗುವುದಕ್ಕೇನಿದೆ ಎಂದು ಕೇಳುವವರುಂಟು. ಅಂಥವರು ರಾಯಚೂರಿನಿಂದ ಹೊರಡುವ ನಮ್ಮ ಜೀಪಿನಲ್ಲಿ ಒಂದು ಮಂಗಳವಾರ ಕುಳಿತರೆ ಸಾಕು. ನಿಯಮಾವಳಿ ಒಂದು ಹೇಳುತ್ತದೆ, ಊರು ಇನ್ನೊಂದು ಮಾಡುತ್ತದೆ. ನಡುವೆ ನಾನು ಮನೋವೈದ್ಯೆಗೆ ತಕ್ಕ ಗಾಂಭೀರ್ಯವನ್ನು ಉಳಿಸಿಕೊಳ್ಳಲು ಹೆಣಗುತ್ತೇನೆ.

ಅಧ್ಯಯನ ಸರಳವಾದದ್ದು. ರಾಯಚೂರು ನಗರ, ಮಾನ್ವಿ, ದೇವದುರ್ಗ, ಈ ಮೂರೂ ಕಡೆ ಖಿನ್ನತೆಯಿಂದ ಬಳಲುವ ಮಹಿಳೆಯರು ಒಂದೊಂದು ಚೀಟಿ ಎತ್ತಬೇಕು. ಒಂದು ಗುಂಪಿಗೆ ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಹೋಲಿಕೆಯ ಗುಂಪಿಗೆ ಬರೀ ಮಾತ್ರೆ. ಆರು ತಿಂಗಳ ಬಳಿಕ ಯಾರು ಎಷ್ಟು ಚೇತರಿಸಿಕೊಂಡರೆಂದು ನೋಡುವುದು. ಕಾಗದದ ಮೇಲೆ ಇಷ್ಟೇ.

೧. ಮುಚ್ಚಿದ ಬಾಗಿಲು

ಸಂದರ್ಶನ ಏಕಾಂತದಲ್ಲಿ ನಡೆಯಬೇಕೆಂಬುದು ನಿಯಮ. ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ಒಂದು ಮನೆಯಲ್ಲಿ, ಹಿರಿಯ ಸೊಸೆಯೊಡನೆ ಮಾತಾಡಲು ಬಾಗಿಲು ಮುಚ್ಚಿಸಿದೆ. ಐದು ನಿಮಿಷದಲ್ಲಿ ಅಂಗಳ ತುಂಬಿತು.

"ಹಾಡಾಹಗಲ ಬಾಗ್ಲಾ ಹಾಕ್ಯಾರ, ಒಳಗ ಯಾರ್ ಹೋದ್ರಬೇ?" ಎಂದು ಒಬ್ಬಾಕೆ ಕೇಳಿದಳು. ಇನ್ನೊಬ್ಬಳು ಆಗಲೇ ಸೆರಗನ್ನು ಕಣ್ಣಿಗೊತ್ತಿಕೊಂಡಿದ್ದಳು.

ಬಾಗಿಲು ತೆಗೆದು, ಎಲ್ಲರೂ ಜೀವಂತವಾಗಿರುವುದನ್ನು ತೋರಿಸಿದೆ. ಬಳಿಕ ಸೊಸೆಯನ್ನು ಜೀಪಿನಲ್ಲಿ ಕೂಡಿಸಿಕೊಂಡು ಹತ್ತಿಯ ಹೊಲದ ಬದಿಗೆ ಹೋಗಿ, ಗಾಜು ಏರಿಸಿ, ಚಾಲಕನನ್ನು ದೂರದ ಬೇವಿನ ಮರಕ್ಕೆ ಕಳಿಸಿ, ಮಾತು ಮುಗಿಸಿದೆ. ಹಿಂತಿರುಗಿದಾಗ ಊರ ಹೆಂಗಸರು ಜೀಪು ಹತ್ತಲು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಆಕೆಯ ಅತ್ತೆ. ಇದು ಕಾಯಿಲೆಯವರಿಗೆ ಮಾತ್ರ, ಕೇಳುವ ಪ್ರಶ್ನೆಗಳೂ ಕಷ್ಟದವು ಎಂದು ವಿವರಿಸಿದೆ.

"ನೀವ್ ಏನರ ಕೇಳ್ರಿ ಡಾಕ್ಟರವ್ವಾ, ಎಲ್ಲಾ ಹೇಳ್ತೀನಿ," ಎಂದಳು ಅತ್ತೆ. "ಆದ್ರ ಕಿಡಕಿ ಬಾಜೂ ಕೂಡಸ್ರಿ."

೨. ಮಾನ್ವಿಯ ಅಂಕಗಳು

ನಮ್ಮ ಪ್ರಶ್ನಾವಳಿಯಲ್ಲಿ ಪ್ರತಿ ಉತ್ತರಕ್ಕೂ ಅಂಕ. ಅಂಕ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು. ಮಾನ್ವಿಯ ದರ್ಜಿಯೊಬ್ಬ ಹೆಂಡತಿಯನ್ನು ಕರೆದುಕೊಂಡು, ಆಕೆಯ ಅಂಕದ ಹಾಳೆ ಹಿಡಿದು, ಕಳೆಗುಂದಿದ ಮುಖದಲ್ಲಿ ಬಂದ.

"ಮೇಡಂ, ಹೋದ ಸಲ ಹದಿನೆಂಟು ತಗೊಂಡಿದ್ಳು. ಈಗ ಆರಕ್ಕ ಇಳದಾಳ. ಮನ್ಯಾಗ ನಾನೇನರ ಓದ್ಸಬೇಕೇನ್ರೀ?"

ಕಡಿಮೆ ಬಂದಷ್ಟೂ ಒಳ್ಳೆಯದು, ನಿಮ್ಮ ಹೆಂಡತಿ ಚೇತರಿಸಿಕೊಳ್ಳುತ್ತಿದ್ದಾರೆ ಎಂದೆ. ನಾಲ್ಕು ತಿಂಗಳಿಂದ ನನ್ನೆದುರು ತಲೆಯೆತ್ತದಿದ್ದ ಆಕೆ ಗಂಡನತ್ತ ತಿರುಗಿದಳು.

"ಕೇಳ್ದೇನು? ಕಡಿಮಿ ಬಂದ್ರ ಛೊಲೊ ಅಂತ. ಮಗಳ ಮಾರ್ಕ್ಸ್ ಕಾರ್ಡ್ ನೋಡಿ ಇಷ್ಟ ದಿನ ಸುಮ್ನ ಬೈದ್ಯಲ್ಲ!"

೩. ರಾಜಧಾನಿಯ ಪತ್ರ

ಆರನೆಯ ತಿಂಗಳಲ್ಲಿ, ಅಧ್ಯಯನವನ್ನು ಪರಿಶೀಲಿಸುವ ರಾಜಧಾನಿಯ ಸಮೀಕ್ಷಕರಿಂದ ಪತ್ರ ಬಂತು. ದೇವದುರ್ಗದಲ್ಲಿ ಬರೀ ಮಾತ್ರೆಯ ಗುಂಪು ಕೂಡ ಇನ್ನೊಂದು ಗುಂಪಿನಷ್ಟೇ ಚೇತರಿಸಿಕೊಂಡಿದೆ, ಇದು ನಂಬಲರ್ಹವಲ್ಲ, ಪ್ರಶ್ನಾವಳಿಗಳನ್ನು ಯಾವುದೋ ಮರದ ಕೆಳಗೆ ಕುಳಿತು ಭರ್ತಿ ಮಾಡಿದಂತಿದೆ, ಆದ್ದರಿಂದ ದೇವದುರ್ಗವನ್ನು ಕೈಬಿಟ್ಟು, ಅಲ್ಲಿನ ಮಂಗಳವಾರದ ಸಮಾಲೋಚನೆಯನ್ನೂ ನಿಲ್ಲಿಸಬೇಕು.

ಮಂಗಳವಾರ ನಿಂತರೆ ಆ ಹೆಂಗಸರು ಇನ್ನೆಲ್ಲಿಗೂ ಹೋಗಲಾರರೆಂಬುದು ನನಗೆ ಗೊತ್ತಿತ್ತು. ಉತ್ತರ ಬರೆದೆ: "ಜೀಪಿನಲ್ಲಿ ಕೇಳಿದ್ದನ್ನು ಮರದ ಕೆಳಗೆ ಭರ್ತಿ ಮಾಡಿದ್ದು ನಿಜ. ಮಸರಕಲ್ಲಿನಲ್ಲಿ ನೆರಳಿರುವುದು ಅಲ್ಲಿಯೇ. ಸುಳ್ಳು ಬರೆದಿಲ್ಲ. ಬಂದು ನೋಡಿ."

ರೋಗಿಗಳು ಗುಣವಾಗಲಿಲ್ಲವೆಂದು ಮೂವತ್ತು ವರ್ಷ ಬೈಸಿಕೊಂಡಿದ್ದೇನೆ. ಗುಣವಾದರೆಂದು ಬೈಸಿಕೊಂಡದ್ದು ಅದೇ ಮೊದಲು.

೪. ಒಂದೇ ಒಲೆ

ಸಮೀಕ್ಷಕರು ಬಂದೇಬಿಟ್ಟರು. ಅದೇ ಮಸರಕಲ್ಲಿನ ಮನೆಯ ಕಿರಿಯ ಸೊಸೆ ಬರೀ ಮಾತ್ರೆಯ ಚೀಟಿ ಎತ್ತಿದ್ದವಳು. ಮೊದಲು ಊಟವನ್ನೇ ಬಿಟ್ಟಿದ್ದವಳು ಈಗ ಅವರಿಗೆ ಚಹಾ ತಂದಿಟ್ಟು, ಎದುರಿಗೇ ಕುಳಿತು, ತಾನು ದಿನವೂ ಮಾಡುವ ಅಭ್ಯಾಸಗಳನ್ನು ಹೇಳಿದಳು.

"ನೀವು ಸಮಾಲೋಚನೆಗೆ ಹೋಗಿದ್ದಿರಾ?" ಎಂದರು ಸಮೀಕ್ಷಕರು.

"ಇಲ್ರೀ. ನನ್ನ ಚೀಟ್ಯಾಗ ಬರೀ ಗುಳಿಗಿ ಬಂದಿತ್ತು."

"ಮತ್ತೆ ಸಮಾಲೋಚನೆಯಲ್ಲಿ ಕಲಿಸುವ ಆ ಉಸಿರಾಟದ ಅಭ್ಯಾಸ, ದಿನಕ್ಕೊಂದು ಇಷ್ಟದ ಕೆಲಸ, ಇವೆಲ್ಲ ಹೇಗೆ ಗೊತ್ತು?"

"ಅಕ್ಕ ಮಂಗಳವಾರ ಕಲ್ತು ಬರ್ತಿದ್ಳು. ಬುಧವಾರ ರೊಟ್ಟಿ ಬಡ್ಕೋತ ನಮಗ ಹೇಳಿಕೊಡ್ತಿದ್ಳು. ಓಣ್ಯಾಗ ಗುಳಿಗಿ ಚೀಟಿ ಬಂದವ್ರು ಎಲ್ರೂ ಬರ್ತಿದ್ವಿರೀ."

ಅವರು ಸಮಾಲೋಚನೆಯ ಚೀಟಿ ಎತ್ತಿದ್ದ ಹಿರಿಯ ಸೊಸೆಯತ್ತ ತಿರುಗಿದರು. "ಬೇರೆಯವರಿಗೆ ಹೇಳಿಕೊಡಬಾರದೆಂದು ನಿಮಗೆ ತಿಳಿಸಿರಲಿಲ್ಲವೇ?"

"ತಿಳಿಸಿದ್ರು. ಆದ್ರ ಒಂದೇ ಒಲಿ ಮುಂದ ಕುಂತು, ನಾ ಉಂಡು ಆಕಿಗಿ ಖಾಲಿ ತಾಟ ತೋರ್ಸಲೇನ್ರೀ?"

ಸಮೀಕ್ಷಕರು ಕನ್ನಡಕ ತೆಗೆದರು. "ಅಲ್ಲಮ್ಮ, ಇವರು ಹೋಲಿಕೆಯ ಗುಂಪು. ಇವರು ಇಷ್ಟು ಗುಣವಾಗಬಾರದಿತ್ತು."

ಕಿರಿಯವಳು ನನ್ನ ಮುಖ ನೋಡಿದಳು. ಮತ್ತೆ ಅವರ ಮುಖ ನೋಡಿದಳು. "ಹಂಗಾದ್ರ ನಾ ಅರಾಮ ಆಗಿದ್ದು ತಪ್ಪಾತೇನ್ರೀ ಸಾಹೇಬ್ರ?"

ನಾನು ಹೇಳಿದೆ: "ಸಂಶೋಧನೆಯ ಲೆಕ್ಕದಲ್ಲಿ ಇದು ದೋಷ. ಒಂದು ಸಾಲನ್ನೂ ಮುಚ್ಚಿಡದೆ ವರದಿಯಲ್ಲಿ ಬರೆಯುತ್ತೇನೆ. ಆದರೆ ಇಲ್ಲಿ ಸೋತದ್ದು ನಮ್ಮ ಚೀಟಿ, ಇವರಲ್ಲ. ಅದಕ್ಕಾಗಿ ಮಂಗಳವಾರವನ್ನು ನಿಲ್ಲಿಸುವುದಾದರೆ ಮೊದಲು ನನ್ನ ಹೆಸರು ಹೊಡೆದುಹಾಕಿ."

ಅವರು ಆರಿದ ಚಹಾ ಕುಡಿದು ಮುಗಿಸಿದರು. ಕೊನೆಗೆ, "ಮಂಗಳವಾರ ನಡೆಯಲಿ. ನಡೆದದ್ದನ್ನು ನಡೆದಂತೆಯೇ ಬರೆಯಿರಿ," ಎಂದು ಪೆನ್ನಿಗೆ ಮುಚ್ಚಳ ಹಾಕಿದರು.

ಅಷ್ಟು ಹೊತ್ತೂ ಅವರನ್ನೇ ದಿಟ್ಟಿಸುತ್ತಿದ್ದ ಅತ್ತೆ ಆಗ ಹತ್ತಿರಕ್ಕೆ ಸರಿದು ಕುಳಿತಳು.

"ಸಾಹೇಬ್ರ, ರಾತ್ರಿ ನಿದ್ದಿ ಬರ್ತದೇನ್ರೀ?"

"ಅಷ್ಟಕ್ಕಷ್ಟೆ."

"ಊಟ ಸೇರ್ತದ?"

"ಕೆಲಸದ ಒತ್ತಡದಲ್ಲಿ ಎಲ್ಲಿ..."

"ಮೊದ್ಲಿನಂಗ ಯಾವ್ದರ ಮ್ಯಾಲ ಖುಷಿ ಅನಸ್ತದ?"

ನಮ್ಮ ಪ್ರಶ್ನಾವಳಿಯೇ! ಬುಧವಾರಗಳಲ್ಲಿ ಒಲೆಯ ಮುಂದೆ ಸೊಸೆಯರು ಒಬ್ಬರನ್ನೊಬ್ಬರು ಪ್ರಶ್ನಿಸುವುದನ್ನು ಕೇಳಿ ಕೇಳಿ ಮುದುಕಿಗೆ ಬಾಯಿಪಾಠವಾಗಿತ್ತು. ಮೂರನೆಯ ಪ್ರಶ್ನೆ ಕೇಳಿ ಸಮೀಕ್ಷಕರು ಕನ್ನಡಕ ಒರೆಸತೊಡಗಿದರು. ಅವಳು ಬೆರಳು ಮಡಿಸಿ ಅಂಕ ಎಣಿಸಿ, ನನ್ನತ್ತ ಬಾಗಿ, ಅವರಿಗೂ ಕೇಳಿಸುವಂತೆ ಪಿಸುಗುಟ್ಟಿದಳು:

"ಪಾಪ, ಇವ್ರಿಗಿ ಚೀಟಿ ಎತ್ತಸಬ್ಯಾಡ್ರಿ ಡಾಕ್ಟರವ್ವಾ. ಸೀದಾ ಮಾತಿನ ಗುಂಪಿಗೇ ಹಾಕ್ರಿ."