ರಾಗಿ ತುಳಿಸಿದ ಅನುಭವ

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನೇ ಆಧಾರ್ ಕಾರ್ಡ್ ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕೂತುಬಿಡುತ್ತದೆ. ಅದರಲ್ಲೂ ಡ್ರೈವರ್ ಕೆಲಸಕ್ಕೆ ರೆಸ್ಯೂಮ್ ಮಾಡಿಸಲು ಬರುವವರಿದ್ದಾರಲ್ಲ, ಅವರಿಗೆ ನಾನೇ ದುಡ್ಡು ಕೊಡಬೇಕು.

ಹವ್ಯಾಸ

ನಂಗಲಿಯಿಂದ ಒಬ್ಬ ಬಂದಿದ್ದ. ಲೈಸೆನ್ಸ್ ಹೊಸದು, ಕೂಲಿಂಗ್ ಗ್ಲಾಸ್ ಅದಕ್ಕಿಂತ ಹೊಸದು. ಅನುಭವ ಏನೂ ಇಲ್ಲ ಅಂದ. ಪರವಾಗಿಲ್ಲ, ಬೇರೆ ಜಾಗ ತುಂಬಿಸೋಣ ಅಂತ ಹವ್ಯಾಸ ಏನಪ್ಪಾ ಎಂದು ಕೇಳಿದೆ.

"ಓವರ್‌ಟೇಕ್ ಮಾಡೋದು ಮೇಡಂ."

"ಅದನ್ನ ಬರೆದ್ರೆ ಯಾರೂ ಕೆಲಸ ಕೊಡಲ್ಲ ಕಣೋ."

ಅವನು ಗ್ಲಾಸ್ ತೆಗೆದು ಗಂಭೀರವಾಗಿ ಯೋಚಿಸಿದ. "ಹಂಗಾದ್ರೆ ಹಾರನ್ ಅಂತ ಹಾಕಿ."

ಪಕ್ಕದವರ ಹುಣಸೆಮರ

ಇವನ ಹಿಂದೆಯೇ ಬಂದದ್ದು ತಾಯಲೂರು ಕಡೆಯ ಅತ್ತೆ, ಸೊಸೆ. ಊರಾಚೆಯ ತರಕಾರಿ ನರ್ಸರಿಯಲ್ಲಿ ಟೊಮೆಟೊ ಸಸಿಯನ್ನು ಹಳ್ಳಿಗಳಿಗೆ ತಲುಪಿಸುವ ಪಿಕಪ್ ಗಾಡಿಗೆ ಡ್ರೈವರ್ ಬೇಕಾಗಿತ್ತು. ಅನುಭವ ಇಲ್ಲದಿದ್ದರೂ ಸರಿ, ರೆಸ್ಯೂಮ್ ಮಾತ್ರ ತನ್ನಿ ಎಂದಿದ್ದರಂತೆ. ಕೆಲಸ ಬೇಕಾಗಿದ್ದದ್ದು ಸೊಸೆಗೆ. ಮಾತೆಲ್ಲ ಅತ್ತೆಯದು.

ಅತ್ತೆ ಹೂವು ಕೊಳ್ಳಲು ಆಚೆ ಹೋದಾಗ ಸೊಸೆ ಮೆಲ್ಲಗೆ ಹೇಳಿದಳು. ಲೈಸೆನ್ಸ್ ಮಾಡಿಸಿದಾಗ ಊರೆಲ್ಲ ನಕ್ಕಿತ್ತಂತೆ. ಈ ಕೆಲಸವೂ ಸಿಗದಿದ್ದರೆ ಲೈಸೆನ್ಸನ್ನು ಬೀರುವಿಗೆ ಹಾಕಿ ತನ್ನ ಜೊತೆ ಟೊಮೆಟೊ ಆರಿಸೋದಕ್ಕೆ ಬಾ ಎಂದು ಗಂಡ ಹೇಳಿಬಿಟ್ಟಿದ್ದಾನೆ. "ನಂಗೆ ಸ್ಟೇರಿಂಗ್ ಹಿಡ್ಕೊಂಡ್ರೆ ಬೇರೆ ಏನೂ ಬೇಡ ಅನ್ಸುತ್ತೆ ಮೇಡಂ," ಎಂದಳು. ನನಗೆ ಅವಳ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು. ಇವಳಿಗೆ ಕೆಲಸ ಸಿಗಲೇಬೇಕು ಎಂದು ಕೀಬೋರ್ಡ್ ಹತ್ತಿರ ಎಳೆದುಕೊಂಡೆ.

"ಅನುಭವ ಇಲ್ಲ ಅಂತ ಹಾಕಲಾ?" ಎಂದೆ.

ಅಷ್ಟರಲ್ಲಿ ವಾಪಸ್ ಬಂದ ಅತ್ತೆಗೆ ರೇಗಿತು. "ಯಾರಮ್ಮಾ ಹಂಗಂದಿದ್ದು? ಪ್ರತಿ ಸುಗ್ಗೀಲೂ ನಮ್ಮ ರಾಗಿನೆಲ್ಲ ಇವಳೇ ಟ್ರ್ಯಾಕ್ಟ್ರಲ್ಲಿ ತುಳಿಸೋದು. ಬರ್ಕೊ!"

ಬರೆದುಕೊಂಡೆ. "ಅಪಘಾತ ಏನಾದ್ರೂ?"

"ಛೇ, ಏನೂ ಇಲ್ಲ. ಒಂದೇ ಒಂದು ಸಲ ಹುಣಸೆಮರ ಅಡ್ಡ ಬಂತು."

"ಮರ ಹೆಂಗಮ್ಮಾ ಅಡ್ಡ ಬರುತ್ತೆ?"

"ನಮ್ಮ ಮರ ಅಲ್ಲ ಕಣಮ್ಮಾ, ಪಕ್ಕದ ಹೊಲದೋರದು. ಅವರ ಮನೇವ್ರೆಲ್ಲ ಹಂಗೇ."

ನಾಲ್ಕು ಮೂಲೆಗೆ ಅರಿಶಿನ

ರೆಸ್ಯೂಮ್ ಚೆನ್ನಾಗಿ ಬಂತು. ಒಳ್ಳೆಯ ಕವರಿನಲ್ಲಿ ಹಾಕಿಕೊಟ್ಟೆ. ಅತ್ತೆಯೇ ಹೋಗಿ ನರ್ಸರಿಯಲ್ಲಿ ಕೊಟ್ಟುಬಂದರು. ಒಂದು ವಾರ ಕಳೆದರೂ ನರ್ಸರಿಯಿಂದ ಫೋನಿಲ್ಲ. ಸೊಸೆಯ ಮುಖ ಬಾಡಿತು. ಅತ್ತೆಯ ಸಿಟ್ಟು ನನ್ನ ಟೈಪಿಂಗ್ ಮೇಲೆ ತಿರುಗಿತು. ಕೊನೆಗೆ ಅಂಗಡಿಗೆ ಬೀಗ ಹಾಕಿ, ನೋಡೇಬಿಡೋಣ ಎಂದು ಅವರಿಬ್ಬರ ಜೊತೆ ನಾನೂ ಹೋದೆ.

ನರ್ಸರಿ ಯಜಮಾನರು ಅತ್ತೆಯನ್ನು ಕಂಡದ್ದೇ ಎದ್ದು ಕೈಮುಗಿದರು. "ಬನ್ನಿ ಅಮ್ಮಾ, ಕೂತ್ಕೊಳ್ಳಿ. ನಂಗೆ ಬರೋಕಾಗಲ್ಲ. ಮನೆಯವರನ್ನ ಖಂಡಿತ ಕಳಿಸ್ತೀನಿ."

"ಎಲ್ಲಿಗೆ?" ಎಂದೆ.

ಅವರು ಗೋಡೆಯ ಮೊಳೆ ತೋರಿಸಿದರು. ಅಲ್ಲಿ ಲಗ್ನಪತ್ರಿಕೆಗಳ ಸಾಲು. ಅವುಗಳ ನಡುವೆ ನನ್ನ ಕವರು, ಇನ್ನೂ ಒಡೆದಿರಲಿಲ್ಲ. ಒಳ್ಳೆ ಕೆಲಸಕ್ಕೆ ಹೋಗುವ ಕಾಗದ ಬರಿದಾಗಿ ಹೋಗಬಾರದೆಂದು ಅತ್ತೆ ಅದರ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದರು!

ಕವರು ಒಡೆದು ಓದಿದ ಯಜಮಾನರು ತಲೆ ಕೆರೆದುಕೊಂಡರು. "ಸರಿ ಬಿಡಿ. ಗಾಡಿ ಓಡಿಸಿ ತೋರಿಸಲಿ." ಆಮೇಲೆ ಸ್ವಲ್ಪ ಬೇಸರದಿಂದಲೇ ಸೇರಿಸಿದರು. "ಮದುವೆಗೆ ಅಂತ ನಮ್ಮನೆಯವರು ಸೀರೆ ಕೂಡ ತೆಗೆದಿಟ್ಟಿದ್ರು."

ಬಾ, ಬಾ, ಬಾ

ನರ್ಸರಿಯ ದಾರಿಗಳು ಕಿರಿದು. ಗಾಡಿ ಹಿಂದಕ್ಕೆ ತೆಗೆಯೋದು ಬಂದರೆ ಮಾತ್ರ ಕೆಲಸ ಎಂದರು ಯಜಮಾನರು. ಸೊಸೆ ಸ್ಟೇರಿಂಗಿಗೆ ನಮಸ್ಕಾರ ಮಾಡಿ ಕೂತಳು. ಅತ್ತೆ ಓಡಿಹೋಗಿ ಗಾಡಿಯ ಹಿಂದೆ ನಿಂತು, ಕೈ ಬೀಸುತ್ತಾ ಶುರು ಮಾಡಿದರು. "ಬಾ, ಬಾ, ಬಾ, ಬಾ..."

ಗಾಡಿ ಸೊಟ್ಟಗೆ ಬಂತು. ಬಂತು, ಬಂತು, ನೀರಿನ ಡ್ರಮ್ಮಿಗೆ ಹೋಗಿ ಗುದ್ದಿತು. ಡ್ರಮ್ಮು ಉರುಳಿ ಯಜಮಾನರ ಚಪ್ಪಲಿ ತೇಲಿಕೊಂಡು ಗೇಟಿನವರೆಗೆ ಹೋಯಿತು.

"ನಿಲ್ಲಿಸು ಅನ್ನಬಾರದಾಗಿತ್ತಾ ಅಮ್ಮಾ?" ಎಂದೆ.

"ಗಾಡಿ ಅಷ್ಟು ಚೆನ್ನಾಗಿ ಬರ್ತಿತ್ತು, ಬಾಯಿ ಹಾಕೋದು ಯಾಕೆ ಅಂತ ಸುಮ್ನಾದೆ."

ದಾರಿಯಲ್ಲಿ ರಾಗಿ

"ಆಯ್ತಮ್ಮ, ತಿಳಿಸ್ತೀನಿ," ಎಂದರು ಯಜಮಾನರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿದ್ದದ್ದೇ. ಸೊಸೆ ಕಣ್ಣೊರೆಸಿಕೊಂಡಳು. ಅವಳ ಮುಖ ನೋಡಲಾರದೆಯೋ ಏನೋ, ತಾಯಲೂರು ದಾರಿಯಲ್ಲಿ ಸಸಿ ಇಳಿಸುವುದಿದೆ, ಹೋಗಿಬರುವವರೆಗೆ ನೀನೇ ಓಡಿಸು ಎಂದರು ಯಜಮಾನರು. ಸೊಸೆ, ಯಜಮಾನರು, ನಾನು ಮುಂದೆ ಕೂತೆವು. ಹಿಂದೆ ನೋಡೋರು ಯಾರು ಎಂದು ಅತ್ತೆ ಸಸಿ ಟ್ರೇಗಳ ಜೊತೆ ನಿಂತರು.

ಸಸಿ ಇಳಿಸಿ ವಾಪಸ್ ಬರುವಾಗ ರಸ್ತೆಗೆ ಅಡ್ಡಲಾಗಿ, ತೆನೆ ಸಮೇತ ರಾಗಿ ಹುಲ್ಲು ಹರಡಿತ್ತು. ಹೋಗಿಬರುವ ಗಾಡಿ ತುಳಿದರೆ ಕಾಳು ಉದುರಲಿ ಎಂದು ನಮ್ಮ ಕಡೆ ಹಾಕುತ್ತಾರಲ್ಲ, ಹಾಗೆ. ಬೇರೆ ಡ್ರೈವರುಗಳು ಬೈದುಕೊಂಡು ದಾಟುತ್ತಾರೆ. ಸೊಸೆಯ ಮುಖ ಮಾತ್ರ ಅರಳಿತು. ಗೇರು ಇಳಿಸಿ, ನೆಂಟರ ಮನೆಯೊಳಗೆ ಕಾಲಿಡುವಂತೆ ಮೆತ್ತಗೆ ಹುಲ್ಲಿನ ಮೇಲೆ ಹತ್ತಿಸಿದಳು. ಆ ತುದಿ ಮುಟ್ಟಿ, ಅದೇ ಜಾಡಿನಲ್ಲಿ ಹಿಂದಕ್ಕೆ ಬಂದಳು. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ. ಚಕ್ರ ಹುಲ್ಲು ಬಿಟ್ಟು ಆಚೀಚೆ ಇಳಿಯಲಿಲ್ಲ. ರಾಗಿಯ ಒಡತಿ ಅಜ್ಜಿ ಸಂಭ್ರಮದಿಂದ "ರಾ ತಲ್ಲೀ, ರಾ!" ಎಂದು ತೆಲುಗಿನಲ್ಲಿ ಕರೆಯುತ್ತಿದ್ದರೆ, ನಮ್ಮ ಅತ್ತೆ ಹಿಂದಿನಿಂದ ಗಾಡಿ ಬಡಿದು "ರೈಟ್, ರೈಟ್!"

"ಏನಮ್ಮಾ ಮಾಡ್ತಿದ್ದೀಯ?" ಯಜಮಾನರು ಕಿರುಚಿದರು.

"ಹಾಕಿದ್ದಾರಲ್ಲ ಸಾರ್, ಅರ್ಧ ತುಳಿಸಿ ಬಿಟ್ಟೋದ್ರೆ ಏನಂದ್ಕೋತಾರೆ?"

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರದ ಜಾಡು ನೋಡಿದರು. ಗೆರೆ ಎಳೆದಷ್ಟು ನೆಟ್ಟಗಿತ್ತು. "ಇಷ್ಟು ಚೆನ್ನಾಗಿ ಹಿಂದಕ್ಕೆ ತೆಗೀತೀಯ. ಮತ್ತೆ ನರ್ಸರೀಲಿ ಏನಾಗಿತ್ತು ನಿಂಗೆ?"

"ಅಲ್ಲಿ ರಾಗಿ ಇರಲಿಲ್ಲವಲ್ಲ ಸಾರ್."

ಅಷ್ಟರಲ್ಲಿ ಅಜ್ಜಿ ಗಾಡಿಯ ಬಾಗಿಲು ತೆಗೆದು, ಹುಲ್ಲು ತಿರುವುವ ಕವೆಗೋಲನ್ನು ಯಜಮಾನರ ಕೈಗೇ ಕೊಟ್ಟರು. "ಗಂಡಸು, ಸುಮ್ನೆ ಕೂತಿದ್ದೀಯಲ್ಲ. ಇಳಿಯಪ್ಪಾ, ತಿರುವಿ ಹಾಕು." ಅವರು ಒಂದು ಗಳಿಗೆ ಕೋಲನ್ನೇ ನೋಡಿದರು. ಆಮೇಲೆ ಪ್ಯಾಂಟು ಮಡಚಿ ಇಳಿದೇಬಿಟ್ಟರು. ಹುಲ್ಲು ತಿರುವುತ್ತಾ ತಿರುವುತ್ತಾ ಎಂಥ ಹುರುಪು ಬಂತೆಂದರೆ, ಗಾಡಿಯಿಂದಿಳಿದು ಆಚೆ ಬದಿಯಲ್ಲಿ ನಿಂತಿದ್ದ ನನ್ನನ್ನು ಸೋಮಾರಿ ಎಂದು ಬೈದರು.

ರಾಗಿ ಮುಗಿದ ಮೇಲೆ ಬೆವರು ಒರೆಸಿಕೊಂಡು, "ನಾಳೆಯಿಂದ ಕೆಲಸಕ್ಕೆ ಬಾರಮ್ಮ," ಎಂದರು. ಸೊಸೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತಳು, ನಕ್ಕಳು, ಆ ಗಡಿಬಿಡಿಯಲ್ಲಿ ಹಾರನ್ನೂ ಹೊಡೆದಳು. ನನಗೂ ಕಣ್ಣಲ್ಲಿ ನೀರು ಬಂತು. ರಾಗಿ ಧೂಳು ಎಂದೆ.

"ಆದ್ರೆ ಒಂದು ಮಾತು," ಯಜಮಾನರು ಬೆರಳೆತ್ತಿದರು. "ಗಾಡೀಲಿ ಸಸಿ ಇದ್ದಾಗ ಹಿಂಗೆಲ್ಲ ತುಳಿಸೋ ಹಾಗಿಲ್ಲ."

ಅತ್ತೆ ಹಿಂದಿನಿಂದ ಬಗ್ಗಿ ಇಣುಕಿದರು. "ಬರೋವಾಗ ಗಾಡಿ ಖಾಲಿ ಇರುತ್ತಲ್ಲ ಸಾರ್?"

ಯಜಮಾನರು ಮುಂದೆ ನೋಡಿದರು, ಹಿಂದೆ ನೋಡಿದರು. ರಸ್ತೆಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸೊಸೆಯ ಕಿಟಕಿಯ ಹತ್ತಿರ ಬಗ್ಗಿದರು.

"ನಮ್ಮದೂ ಒಂದು ರಾಗಿ ಮೆದೆ ತುಳಿಸದೆ ಹಂಗೇ ಇದೆ ಕಣಮ್ಮಾ. ನಾಳೆ ಮೊದಲು ಅಲ್ಲಿಗೆ ಹೋಗೋಣ?"