ಇಂಗ್ಲಿಷಿನಲ್ಲಿ ನಾನು ಮಂಗಳೂರಿನವಳು

ಆಡುವ ಭಾಷೆಗೆ ತಕ್ಕಂತೆ ನನ್ನ ಊರು ಬದಲಾಗುತ್ತದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳಿಬಿಡುತ್ತೇನೆ. ಕೊಂಕಣಿಯಲ್ಲಿ ಯಾರಾದರೂ ಯಾವ ಇಗರ್ಜಿಯವಳು, ಅಂದರೆ ಯಾವ ಚರ್ಚಿನವಳು, ಎಂದು ಕೇಳಿದರೆ ನಾನು ಕಿನ್ನಿಗೋಳಿಯವಳು. ತುಳುವಿನಲ್ಲೂ ಕನ್ನಡದಲ್ಲೂ ಕಿನ್ನಿಗೋಳಿಯವಳೇ. ಇಂಗ್ಲಿಷ್ ಶುರುವಾಯಿತೋ, ಕಿನ್ನಿಗೋಳಿ ಮಾಯ! ‘ಐ ಆ್ಯಮ್ ಫ್ರಮ್ ಮ್ಯಾಂಗಲೋರ್.’ ನಾನೊಬ್ಬಳೇ ಅಲ್ಲ. ಗಲ್ಫಿನ ವಿಮಾನ ಹತ್ತಿದ ಮೇಲೆ ಕುಂದಾಪುರದಿಂದ ಕಾಸರಗೋಡಿನವರೆಗೆ ಎಲ್ಲರೂ ಮ್ಯಾಂಗಲೋರಿನವರೇ. ಮಸ್ಕತ್ತಿನಲ್ಲಿ ನರ್ಸಾಗಿದ್ದಾಗ ಒಮ್ಮೆ ಬಾಯಿ ತಪ್ಪಿ ಕಿನ್ನಿಗೋಳಿ ಎಂದುಬಿಟ್ಟೆ. ಅದೆಲ್ಲಿ ಎಂದು ಕೇಳಿದ ಸಹೋದ್ಯೋಗಿಗೆ ಊಟದ ಮೇಜಿನ ಮೇಲೆ ಬೆರಳಿನಿಂದ ವಿಮಾನ ನಿಲ್ದಾಣ, ಬಜಪೆ, ಕಟೀಲು ಎಂದು ದಾರಿ ಎಳೆಯುತ್ತಾ ಹೋದೆ. ನಾನು ಊರು ಮುಟ್ಟುವಷ್ಟರಲ್ಲಿ ಅವಳು ಉಂಡು ಕೈ ತೊಳೆಯಲು ಹೋಗಿದ್ದಳು.

ಈಗ ಮಂಗಳೂರಿನ ಮಣ್ಣಗುಡ್ಡದ ನಮ್ಮ ಮನೆಯ ಜಗಲಿಯಲ್ಲಿ, ಗಲ್ಫಿಗೆ ಹೊರಟ ನರ್ಸುಗಳಿಗೆ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಎದುರಿಸುವುದನ್ನು ಹೇಳಿಕೊಡುತ್ತೇನೆ. ಮೊದಲ ಪಾಠವೇ ಊರು. ಮೀನುಗಾರರ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುವ ಶರ್ಮಿಳಾ ಮೊನ್ನೆ ಕೇಳಿದಳು, “ಟೀಚರ್, ಬೆಂಗ್ರೆ ಅಂತ ಹೇಳಿದ್ರೆ ಆಗುದಿಲ್ವಾ?”

“ಬೆಂಗ್ರೆ ಅಂದ್ರೆ ಅಲ್ಲಿಯವರಿಗೆ ಎಂತ ಗೊತ್ತಾಗ್ತದೆ ಮಾರಾಯ್ತಿ? ಮಂಗಳೂರು ಹೇಳು, ಮುಗಿಸು.”

ಇವತ್ತು ಹನ್ನೊಂದಕ್ಕೆ ಅವಳಿಗೆ ವಿಡಿಯೋ ಇಂಟರ್‌ವ್ಯೂ. ಅವಳ ಅಪ್ಪ ಸೊಂಟ ನೋವೆಂದು ಮೀನಿನ ಬೋಟಿಗೆ ಹೋಗುವುದನ್ನು ಬಿಟ್ಟು ಕೂತಿದ್ದಾರೆ. ಮನೆಯವರೆಲ್ಲ ಈ ಕೆಲಸವನ್ನೇ ನಂಬಿದ್ದಾರೆ. ಹತ್ತೂವರೆಯಿಂದ ನಾನು ಕೂತಲ್ಲಿ ಕೂರಲಿಲ್ಲ. ಬಂಗುಡೆ ತೊಳೆಯಲು ಹೋದವಳು ಅರ್ಧಕ್ಕೇ ಎದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಫೋನು ಸತ್ತಿದೆಯೋ ಎಂದು ನೋಡಲು ನನ್ನ ಗಂಡನ ಫೋನಿನಿಂದ ನನಗೇ ಕರೆ ಮಾಡಿಕೊಂಡೆ. ಇಂಟರ್‌ವ್ಯೂ ಅವಳಿಗೋ ನಿನಗೋ ಎಂದು ಅವರು ಕೇಳಿದರು.

ಒಂದು ಗಂಟೆಗೆ ಶರ್ಮಿಳಾ ತಾನೇ ಬಂದಳು. ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಊರು ಕೇಳಿದರಂತೆ, ಮ್ಯಾಂಗಲೋರ್ ಎಂದಳಂತೆ. ಮ್ಯಾಂಗಲೋರಿನಲ್ಲಿ ಎಲ್ಲಿ ಎಂದು ಮತ್ತೆ ಕೇಳಿದರಂತೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ! ಹೆದರಿದ ಹುಡುಗಿ ಬಾಯಿಗೆ ಬಂದ ಮಣ್ಣಗುಡ್ಡ ಎಂದುಬಿಟ್ಟಳು. ಮಣ್ಣಗುಡ್ಡದಲ್ಲಿ ಎಲ್ಲಿ ಎಂಬ ಮೂರನೆಯ ಪ್ರಶ್ನೆಗೆ ಬಾಯಿ ಕಟ್ಟಿತು. ನಮ್ಮ ಗೇಟು ಬಿಟ್ಟು ಅವಳಿಗೆ ಇಲ್ಲಿ ಏನೂ ಗೊತ್ತಿಲ್ಲ. ಪ್ರಶ್ನೆ ಕೇಳುತ್ತಿದ್ದ ನರ್ಸಿಂಗ್ ಮೇಲ್ವಿಚಾರಕಿ ಇಲ್ಲೇ ಹತ್ತಿರದ ಕೂಳೂರಿನವರಂತೆ. ನಿಜ ಹೇಳು ಎಂದು ತುಳುವಿನಲ್ಲಿ ಕೇಳಿದಾಗ ಬೆಂಗ್ರೆ ಹೊರಗೆ ಬಂತು, ಜೊತೆಗೆ ಅಳುವೂ.

“ಸ್ವಂತ ಊರನ್ನೇ ಸುಳ್ಳು ಹೇಳುವವಳು ಪೇಷೆಂಟಿನ ಚಾರ್ಟಿನಲ್ಲಿ ಎಂತ ಬರೀತಿ ಅಂತ ಕೇಳಿದ್ರು ಟೀಚರ್.”

ನಾನು ಅವಳಿಗೆ ಕುರ್ಚಿ ಎಳೆದು ಕೊಟ್ಟೆ. ನಾಚಿಕೆಯಾಯಿತು. ಪುಣ್ಯಕ್ಕೆ ಆ ಮೇಲ್ವಿಚಾರಕಿ ಸೋಮವಾರ ಇನ್ನೊಮ್ಮೆ ಮಾತಾಡುತ್ತೇನೆ, ಆಗ ನೆಟ್ಟಗೆ ಹೇಳು ಎಂದಿದ್ದಾರಂತೆ. ಕೂಡಲೇ ಅಭ್ಯಾಸಕ್ಕೆ ಕೂತೆವು. ಬೆಂಗ್ರೆ, ಅಳಿವೆ, ದೋಣಿ, ಬಲೆ ಹೆಣೆಯುವ ಅಮ್ಮ ಎಲ್ಲವನ್ನೂ ಅವಳು ಇಂಗ್ಲಿಷಿನಲ್ಲಿ ಎಲ್ಲೂ ತಡವರಿಸದೆ ಹೇಳಿದಳು. ಇಷ್ಟು ದಿನ ಈ ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡಿದ್ದೆನಲ್ಲ! ಊರಿನ ಹೆಸರು ಹೇಳಲು ಹೆದರಬಾರದು, ನಾಚಬಾರದು ಎಂದು ಹತ್ತು ನಿಮಿಷ ಭಾಷಣವನ್ನೂ ಬಿಗಿದೆ.

ಚಪ್ಪಲಿ ಮೆಟ್ಟುತ್ತಾ ಅವಳು ಹೇಳಿದಳು, “ಯಾರು ಹೇಳಿಕೊಟ್ಟದ್ದು, ಅವರ ಊರು ಯಾವುದು ಅಂತಲೂ ಕೇಳಿದ್ರು. ನಾನು ಮಂಗಳೂರು ಅಂತ ಹೇಳಿದೆ. ಅದಾದ್ರೂ ಸರಿ ಉಂಟಲ್ಲ ಟೀಚರ್?”

ಒಳಗೆ ಗಂಡ ಕೆಮ್ಮಿದರು. ಅವರು ಕಿನ್ನಿಗೋಳಿಯ ಅಳಿಯ.

“ಇಂಗ್ಲಿಷಿನಲ್ಲಿ ಸರಿ,” ಎಂದೆ.